ಮೂರನೆಯ ಗುಂಡಿ

ನಮ್ಮೂರಿನಲ್ಲಿ ಬರ್ತೀನಿ ಅಂದವರು ಬರುತ್ತಾರೆ. ಮನಸ್ಸಿದ್ದರೂ ಬರುತ್ತಾರೆ, ಇಲ್ಲದಿದ್ದರೂ ಬರುತ್ತಾರೆ. ಬಾಯಿ ಒಮ್ಮೆ ಆ ಮಾತಾಡಿತೆಂದರೆ ಮುಂದಿನದೆಲ್ಲ ಕಾಲಿನ ಕೆಲಸ. ಹಿಡಿದ ಕೆಲಸ ಮುಗಿಸಿ ಎದ್ದ ಕೂಡಲೇ ಕಾಲು ಆ ದಿಕ್ಕಿಗೆ ತಿರುಗುತ್ತದೆ. ಹೇಳಿದ ಜಾಗ ಮುಟ್ಟಿ, ಅಲ್ಲಿಯವರೆದುರು 'ಬಂದೆ' ಅಂದ ಮೇಲೆಯೇ ಅದು ಮತ್ತೆ ನಮ್ಮ ಮಾತು ಕೇಳುವುದು. ಎರಡು ಕಡೆ ಬರ್ತೀನಿ ಅಂದಿದ್ದರೆ ಕೊನೆಯಲ್ಲಿ ಅಂದ ಕಡೆಗೆ ಮೊದಲು. ಬೆಳಿಗ್ಗೆ ಮನೆಯಲ್ಲಿ ಬರ್ತೀನಿ ಅಂದು ಹೊರಟವರು ದಾರಿಯಲ್ಲಿ ಇನ್ನಾರಿಗೂ ಹಾಗೆ ಅನ್ನದಿದ್ದರೆ ಸಂಜೆ ನೆಟ್ಟಗೆ ಮನೆಗೇ ಬರುತ್ತಾರೆ.

ಇದರ ಜೊತೆ ಬಾಳುವುದನ್ನು ಹಿಂದಿನವರು ಕಲಿತಿದ್ದರು. ಸಣ್ಣ ಮಕ್ಕಳ ಬರ್ತೀನಿ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅವರ ಬಾಯಿಗೆ ಯಾರೂ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಸಾಯಲು ಮಲಗಿದವರಿಗೆ ಮಾತ್ರ ಹೋಗ್ತೀನಿ ಅನ್ನಬೇಕೆಂದು ಮತ್ತೆ ಮತ್ತೆ ನೆನಪಿಸುತ್ತಿದ್ದರು. ನಮ್ಮ ಹಿಂದಿನ ಓಣಿಯ ಅಜ್ಜನೊಬ್ಬ ಅಭ್ಯಾಸಬಲದಿಂದ ಬರ್ತೀನಿ ಅಂದು ಕಣ್ಣು ಮುಚ್ಚಿದ. ಅವರ ಮನೆಯವರು ಹನ್ನೊಂದು ವರ್ಷದಿಂದ ಮುಂಬಾಗಿಲಿಗೆ ಚಿಲಕ ಹಾಕಿಲ್ಲ. ಇನ್ನು ಕರೆದವರ ಮುಖಕ್ಕೆ ಬರಲ್ಲ ಅನ್ನುವುದು ಅವರ ಹೊಸ್ತಿಲಿಗೆ ಉಗುಳಿದ ಹಾಗೆ, ಹಗೆಯವರೂ ಅನ್ನುವುದಿಲ್ಲ. ಉತ್ತರ ಕೊಡದೆ ಬಿಡುವುದೂ ಅಷ್ಟೇ ಅವಮಾನ. ಮದುವೆಗೆ ಕರೆದರೂ, ಅಂಗಡಿಗೆ ಕರೆದರೂ ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು: ನೋಡೋಣ. ಆ ಮಾತಿಗೆ ಕಾಲು ಅಲುಗುವುದಿಲ್ಲ, ಕರೆದವರ ಮನಸ್ಸೂ ಮುರಿಯುವುದಿಲ್ಲ. ಊರು ಅದರ ಮೇಲೇ ನಡೆದಿತ್ತು.

ಅದನ್ನು ತೆಗೆದವಳು ನಾನು.

ನಾನು ಮೊದಲು ಕೆಲಸಕ್ಕಿದ್ದದ್ದು ಲಗ್ನಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯದಲ್ಲಿ. ಎಲ್ಲರ ಕೈಗೂ ಫೋನು ಬಂದ ಮೇಲೆ ಪತ್ರಿಕೆ ಅಚ್ಚು ಹಾಕಿಸುವವರು ಕಡಿಮೆಯಾದರು, ಮುದ್ರಣಾಲಯ ಮುಚ್ಚಿತು. ಆಗ ಚಪ್ಪಲಿ ಅಂಗಡಿಯ ಚನ್ನವೀರಪ್ಪನವರು ಹೇಳಿಕಳಿಸಿದರು. ಅದುವರೆಗೆ ಅವರ ಅಂಗಡಿಯ ಸುದ್ದಿಯನ್ನು ಸೈಕಲ್ಲಿಗೆ ಮೈಕು ಕಟ್ಟಿಕೊಂಡ ಒಬ್ಬ ಊರೆಲ್ಲ ಕೂಗಿಕೊಂಡು ಬರುತ್ತಿದ್ದ. ಈಗ ಅವನ ಕೂಗು ಯಾರಿಗೂ ಕೇಳಿಸುತ್ತಿರಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಅಂಗೈ ನೋಡುತ್ತಿದ್ದರು. ಗಿರಾಕಿ ಎಲ್ಲಿ ನೋಡ್ತಾನೋ ಅಲ್ಲಿ ನಾವು ನಿಂತಿರಬೇಕು ಅನ್ನುವುದು ಚನ್ನವೀರಪ್ಪನವರ ಲೆಕ್ಕ. ಊರಿನ ಎರಡು ಸಾವಿರ ನಂಬರು ಅವರ ಹತ್ತಿರ ಇದ್ದವು. ಅಂಗಡಿಯ ಅಟ್ಟದಲ್ಲಿ, ಚಪ್ಪಲಿ ಡಬ್ಬಿಗಳ ನಡುವೆ ಒಂದು ಮೇಜು ಹಾಕಿಸಿ, ಬರಿ ಅಂದರು.

ನನಗೆ ಬರುತ್ತಿದ್ದದ್ದು ಲಗ್ನಪತ್ರಿಕೆಯ ಭಾಷೆ. ಅದರಲ್ಲೇ ಬರೆದೆ. ಪ್ರಿಯ ಇಂಥವರೇ, ನಿಮ್ಮನ್ನು ನೋಡಿ ಬಹಳ ದಿನವಾಯಿತು, ಹೊಸ ಸರಕು ಬಂದಿದೆ, ತಾವು ಬಂದರೆ ನಮಗೆ ಸಂತೋಷ. ಇಂಥವರೇ ಅನ್ನುವ ಜಾಗದಲ್ಲಿ ಅವರವರ ಹೆಸರನ್ನು ಯಂತ್ರವೇ ಹಾಕುತ್ತಿತ್ತು. ಕೆಳಗೆ ಮೂರು ಗುಂಡಿ: ಬರ್ತೀನಿ, ಬರಲ್ಲ, ನೋಡೋಣ. ಎರಡು ಸಾವಿರ ಜನರಲ್ಲಿ ಸಾವಿರದ ಒಂಬೈನೂರು ಮಂದಿ ನೋಡೋಣ ಒತ್ತಿದರು. ಚನ್ನವೀರಪ್ಪನವರು ಎರಡು ವಾರ ಸುಮ್ಮನಿದ್ದರು. ಮೂರನೆಯ ವಾರ ಏಣಿ ಹತ್ತಿ ಬಂದು, "ಈ ನೋಡೋಣ ಅನ್ನೋದನ್ನ ಯಾಕಮ್ಮ ಇಟ್ಟಿದ್ದೀಯ? ನೋಡೋಣ ಅಂದವನು ಯಾವತ್ತಾದರೂ ಚಪ್ಪಲಿ ನೋಡಿದ್ದುಂಟಾ?" ಅಂದರು. ನನಗೂ ಹೌದೆನ್ನಿಸಿತು. ನಾನು ಬರೆದದ್ದಕ್ಕೆ ಜನ ಬರಬೇಕೆಂಬ ಆಸೆ ನನಗೂ ಇತ್ತು. ಮೂರನೆಯ ಗುಂಡಿ ಅಳಿಸಿದೆ. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬರಲ್ಲ ಅನ್ನಲು ಬಾಯಿ ಬರದ ಊರಿನಲ್ಲಿ ಬೆರಳು ತಾನೇ ಹೇಗೆ ಬಂದೀತು? ಒತ್ತಿದ ಬರ್ತೀನಿಗೂ ಕಾಲು ಆಡಿದ್ದಕ್ಕೆ ತಿರುಗಿದ ಹಾಗೆಯೇ ತಿರುಗಿತು. ತಿಂಗಳೊಳಗೆ ಬಟ್ಟೆ ಅಂಗಡಿಯವರು, ಪಾತ್ರೆ ಅಂಗಡಿಯವರು, ಕನ್ನಡಕದವರು, ಮಿಠಾಯಿಯವರು ಚನ್ನವೀರಪ್ಪನವರನ್ನು ಕೇಳಿಕೊಂಡು ಬಂದರು. ಒಟ್ಟು ಹನ್ನೊಂದು ಅಂಗಡಿಗಳಿಗೆ ನಾನೇ ಬರೆಯತೊಡಗಿದೆ. ಎಲ್ಲದರ ಕೆಳಗೂ ಎರಡೇ ಗುಂಡಿ.

ಊರು ದಣಿಯುವುದು ಕಣ್ಣಿಗೆ ಕಾಣಲು ಅರ್ಧ ವರ್ಷ ಬೇಕಾಯಿತು. ಮೊದಮೊದಲು ಜನ ನಗುತ್ತಿದ್ದರು. ನಿನಗೆಷ್ಟು ಅಂಗಡಿ, ನನಗೆ ನಾಲ್ಕು, ಅಂತ ಬೀದಿಯಲ್ಲಿ ಎದುರಾದಾಗ ಕೇಳಿಕೊಳ್ಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಶಾಲೆ ಬಿಟ್ಟ ಮೇಸ್ಟರು ಸೀಮೆಸುಣ್ಣದ ಕೈಯಲ್ಲೇ ಪಾತ್ರೆ ಅಂಗಡಿಗೆ ಹೋಗಿ ಬಂದೆ ಅಂದು, ಅಲ್ಲಿಂದ ಕನ್ನಡಕದ ಅಂಗಡಿಗೆ ಹೋಗಿ ಬಂದೆ ಅಂದು ನಿಲ್ಲುತ್ತಿದ್ದರು. ಕೊಳ್ಳುವವರು ಕೊಂಡರು, ಉಳಿದವರು ಗಲ್ಲಾ ಮುಟ್ಟಿ ತಿರುಗಿದರು. ಅಂಗಡಿಯವರು ಬೆಂಚು ಹಾಕಿಸಿದರು. ಬೆಂಚಿನ ಮೇಲೆ ಜನ ತೂಕಡಿಸಿದರು. ಮನೆಯವರು ಬುತ್ತಿ ಕಳಿಸುವಾಗ, ಈ ಹೊತ್ತಿಗೆ ಮಿಠಾಯಿ ಅಂಗಡಿಯಲ್ಲಿರ್ತಾರೆ, ಅಲ್ಲಿಗೇ ಕೊಡಿ ಅನ್ನುವುದು ರೂಢಿಯಾಯಿತು. ಫೋನು ಆರಿಸಿಟ್ಟರಾಯಿತಲ್ಲ ಅಂತ ಹೊರಗಿನವರು ಅಂದಾರು. ರೇಷನ್ನಿನ ಪಾಳಿ, ಮಕ್ಕಳ ಪರೀಕ್ಷೆ, ನಲ್ಲಿ ನೀರು ಬಿಡುವ ಹೊತ್ತು ಎಲ್ಲವೂ ಅದರಲ್ಲೇ ಬರುವಾಗ ಆರಿಸುವುದೆಲ್ಲಿ. ಸವೆದದ್ದು ಚಪ್ಪಲಿ, ಹಾಗಾಗಿ ಚನ್ನವೀರಪ್ಪನವರಿಗೆ ಮಾತ್ರ ಒಳ್ಳೆಯ ವರ್ಷ ಅನ್ನಬೇಕು. ಅವರೂ ಉಳಿದ ಹತ್ತು ಅಂಗಡಿಗಳ ಕರೆಗೆ ಬರ್ತೀನಿ ಒತ್ತಿ, ತಮ್ಮ ಅಂಗಡಿಯಲ್ಲಿ ಕೂರುವುದನ್ನೇ ಮರೆತಿದ್ದರು.

ನನ್ನ ಗಂಡ ನಾಗಭೂಷಣ ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್. ಮನೆ ಮನೆ ತಿರುಗಿ, ಮೆಟ್ಟಿಲು ಹತ್ತಿ, ಎಷ್ಟು ಯೂನಿಟ್ ಓಡಿದೆ ಅಂತ ನೋಡಿ ಅಲ್ಲೇ ಫೋನಿನಲ್ಲಿ ದಾಖಲಿಸುವ ಕೆಲಸ. ದಿನಕ್ಕೆ ಎಂಟು ಗಂಟೆ ನಡಿಗೆ. ಮದುವೆಯಾಗಿ ಆರು ವರ್ಷ, ಸಂಜೆ ಐದೂವರೆಗೆ ಮನೆಯ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳುತ್ತಿತ್ತು. ಈಗ ಅದು ಆರೂವರೆಯಾಯಿತು, ಏಳೂವರೆಯಾಯಿತು. ಬಂದವರು ಗೋಡೆಗೊರಗಿ ಎಡ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು. ಊಟ, ಅನ್ನುತ್ತಿದ್ದೆ. ಹೂಂ, ಅನ್ನುತ್ತಿದ್ದರು. ದಿನವಿಡೀ ಹನ್ನೊಂದು ಅಂಗಡಿಗಳ ಪರವಾಗಿ ಎರಡು ಸಾವಿರ ಜನರನ್ನು ಪ್ರಿಯ ಅಂತ ಕರೆದು ಬಂದ ನನಗೆ ಮನೆಯಲ್ಲಿ ಇನ್ನೊಂದು ಮಾತು ಹೊರಡುತ್ತಿರಲಿಲ್ಲ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಂಡಿಯನ್ನು ಮಡಿಸಿ ಬಿಡಿಸಿ, ಒಳಗೆ ಸವೆದಿದೆ, ಆಫೀಸಿನ ನಡಿಗೆಯಷ್ಟೇ ಆದರೆ ಹೇಗೋ ತಡೆದೀತು, ಇದರ ಮೇಲೆ ಸಂಜೆಯ ಸುತ್ತಾಟವೂ ಮುಂದುವರಿದರೆ ಯುಗಾದಿಯೊಳಗೆ ಕೋಲು ಹಿಡಿಯುತ್ತೀರಿ ಅಂದರು. ಕೋಲು ಹಿಡಿದವರನ್ನು ಆಫೀಸು ಮೀಟರ್ ನೋಡಲು ಕಳಿಸುವುದಿಲ್ಲ. ಬೇರೆ ಕೆಲಸ ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ. ಪ್ರತಿ ಮನೆಯ ನಾಯಿಯ ಹೆಸರೂ ಅವರಿಗೆ ಗೊತ್ತಿತ್ತು. ಬರಲ್ಲ ಅಂತ ಒತ್ತಿಬಿಡಿ, ನಾನೇ ಬರೆಯುವವಳು, ನನಗೆ ಬೇಜಾರಿಲ್ಲ ಅಂದೆ. ಆಗಲಿ ಅಂದರು.

ದೀಪಾವಳಿಗೆ ಇನ್ನು ಎರಡು ವಾರವಿದ್ದಾಗ ಚನ್ನವೀರಪ್ಪನವರು ನಗುತ್ತ ಏಣಿ ಹತ್ತಿ ಬಂದರು. ಎಲ್ಲರಿಗಿಂತ ಮೊದಲು ಬರ್ತೀನಿ ಒತ್ತುವವರಿಗೆ ಹಬ್ಬಕ್ಕೊಂದು ಜೊತೆ ಚಪ್ಪಲಿ ಕೊಡೋಣವೆಂದು ಪಟ್ಟಿ ತೆಗೆಸಿದ್ದರಂತೆ. ಮೂರು ತಿಂಗಳಿಂದ ಒಂದು ದಿನವೂ ತಪ್ಪದೆ ಮೇಲೆ ಇದ್ದದ್ದು ಒಂದೇ ಹೆಸರು.

"ನಿಮ್ಮ ಯಜಮಾನರಿಗೆ ಎಷ್ಟು ಜೊತೆ ಕಾಲಮ್ಮ?" ಅಂದರು.

ನಾನು ಅಟ್ಟ ಇಳಿದು ಮನೆಗೆ ಹೋಗುತ್ತಿದ್ದದ್ದು ನಾಲ್ಕು ಗಂಟೆಗೆ. ಅವತ್ತು ಹೋಗಲಿಲ್ಲ. ಆರಕ್ಕೆ ನಾಗಭೂಷಣ ಬಂದರು. ಎಡಗಾಲನ್ನು ಹಿಂದಿನಿಂದ ಯಾರೋ ಹಿಡಿದಿರುವಂತೆ ಎಳೆದುಕೊಂಡು ಬಂದು ಬೆಂಚಿನ ಮೇಲೆ ಕೂತರು. ಕೆಲಸದವನು ಅವರ ಮುಂದೆ ಯಾವ ಡಬ್ಬಿಯನ್ನೂ ತೆರೆಯಲಿಲ್ಲ. ಕೊಳ್ಳುವವರಲ್ಲವೆಂದು ಅವನಿಗೆ ಗೊತ್ತಿತ್ತು. ಅವರು ಫೋನು ತೆಗೆದು ಬೆಳಿಗ್ಗೆಯ ಸಂದೇಶವನ್ನು ಮತ್ತೊಮ್ಮೆ ಓದಿದರು. ತುಟಿ ಅಲುಗುತ್ತಿತ್ತು. ಓದಿ ಮುಗಿಸಿ, ಎದ್ದು, ಗಲ್ಲಾ ಮುಟ್ಟಿ ಬಂದೆ ಅಂದರು. ಆಗ ನಾನು ಏಣಿ ಇಳಿದೆ.

"ಬರಲ್ಲ ಅಂತ ಒತ್ತಿ ಅಂದಿದ್ದೆನಲ್ಲ," ಅಂದೆ.

"ಒತ್ತೋಣ ಅಂತಲೇ ತೆಗೀತೀನಿ ಮಂದಾ. ನಿಮ್ಮನ್ನು ನೋಡಿ ಬಹಳ ದಿನವಾಯಿತು ಅಂತ ಇರ್ತದೆ. ನೀನು ಬರೆದದ್ದು. ಅದಕ್ಕೆ ಬರಲ್ಲ ಅಂತ ಹೆಂಗೆ ಒತ್ತಲಿ?"

"ಅದು ಎರಡು ಸಾವಿರ ಜನಕ್ಕೆ ಹೋಗ್ತದೆ ರೀ. ಹೆಸರು ಯಂತ್ರ ಹಾಕೋದು."

"ಗೊತ್ತು," ಅಂದರು. ಫೋನನ್ನು ಜೇಬಿಗಿಳಿಸಿ, "ಆದರೂ ನನ್ನ ಫೋನಿಗೆ ಬಂದಾಗ ನನ್ನ ಹೆಸರೇ ಇರ್ತದಲ್ಲ," ಅಂದರು.

ಅಷ್ಟರಲ್ಲಿ ಅವರ ಕಾಲು ಬಾಗಿಲ ಕಡೆ ತಿರುಗಿತ್ತು. ಇನ್ನೂ ಮೂರು ಅಂಗಡಿ ಉಳಿದಿದ್ದವು. ನಾನೂ ಜೊತೆಗೆ ನಡೆದೆ. ದಾರಿಯುದ್ದಕ್ಕೂ ಅವರು ನನ್ನ ಬರಹದ ಬಗ್ಗೆಯೇ ಮಾತಾಡಿದರು. ಪಾತ್ರೆ ಅಂಗಡಿಯದು ಚೆನ್ನಾಗಿದೆಯಂತೆ, ಕುಕ್ಕರಿನ ಸೀಟಿಯ ಮಾತು ಓದಿ ನಗು ಬಂತಂತೆ. ಬಟ್ಟೆ ಅಂಗಡಿಯದನ್ನು ಈಚೆಗೆ ನಾನು ಅವಸರದಲ್ಲಿ ಬರೆಯುತ್ತಿದ್ದೇನಂತೆ, ಆಷಾಢದ ಸಂದೇಶ ಮಾತ್ರ ಪರವಾಗಿಲ್ಲವಂತೆ. ಆರು ತಿಂಗಳಲ್ಲಿ ನಾವು ಅಷ್ಟು ಮಾತಾಡಿರಲಿಲ್ಲ. ಅದನ್ನೆಲ್ಲ ಕೇಳುತ್ತ, ಅವರ ಒಂದು ಭಾರದ ಹೆಜ್ಜೆ, ಒಂದು ಹಗುರ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸುತ್ತ ನಡೆದೆ. ಕನ್ನಡಕದ ಅಂಗಡಿಯ ಬೆಂಚಿನ ಮೇಲೆ ಸೀಮೆಸುಣ್ಣದ ಮೇಸ್ಟರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಅವರ ಪಕ್ಕದಲ್ಲಿ ತುಂಬಿದ ಬಸುರಿಯೊಬ್ಬಳು ಚಪ್ಪಲಿ ಬಿಟ್ಟು ಕಾಲು ಚಾಚಿದ್ದಳು. ನನ್ನ ಗುರುತು ಸಿಕ್ಕಿತೋ ಏನೋ, ಕಾಲು ಮಡಿಸಿಕೊಂಡು ಜಾಗ ಬಿಟ್ಟಳು. ನಾನು ಕೂರಲಿಲ್ಲ.

ಮಾರನೆಯ ದಿನ ಪಟ್ಟಿಯಿಂದ ಗಂಡನ ನಂಬರು ತೆಗೆದೆ. ಅವರು ಐದೂವರೆಗೆ ಮನೆಗೆ ಬಂದರು. ಬಂದು, ಫೋನನ್ನು ಎರಡು ಸಲ ತೆಗೆದು ನೋಡಿ, ಪಕ್ಕಕ್ಕಿಟ್ಟರು.

"ಇವತ್ತು ಏನೂ ಬರೀಲಿಲ್ವಾ?" ಅಂದರು.

ನಾನೇ ಏನಾದರೂ ಹೇಳಬಹುದಿತ್ತು, ಗಂಡನೆದುರು ಕೂತಿದ್ದೆ, ಯಾವ ಅಂಗಡಿಯ ಹಂಗೂ ಇರಲಿಲ್ಲ. ಹೊಳೆದದ್ದೆಲ್ಲ ಹೊಸ ಸರಕು ಬಂದಿದೆ ಅನ್ನುವಂಥ ಮಾತುಗಳೇ. ಮೂರನೆಯ ದಿನ ಚನ್ನವೀರಪ್ಪನವರು ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ಕಂಡುಹಿಡಿದರು. ಎಲ್ಲರಿಗಿಂತ ಮೊದಲು ಓಗೊಡುವವನನ್ನು ಯಾರಾದರೂ ಬಿಟ್ಟುಕೊಡ್ತಾರಾ ಅಂದು ತಾವೇ ಸೇರಿಸಿದರು.

ದೀಪಾವಳಿಯ ಹಿಂದಿನ ದಿನಕ್ಕೆ ಹನ್ನೊಂದು ಅಂಗಡಿಯವರೂ ಒಂದೇ ಬೆಳಿಗ್ಗೆ ಕರೆ ಕಳಿಸಬೇಕೆಂದು ತೀರ್ಮಾನವಾಯಿತು. ಬರೆದು ಮುಗಿಸಿದಾಗ ನನ್ನ ಮುಂದೆ ಹನ್ನೊಂದು ಸಂದೇಶಗಳಿದ್ದವು. ಚಪ್ಪಲಿ ಅಂಗಡಿಯಿಂದ ಮಿಠಾಯಿ ಅಂಗಡಿಗೆ ಊರಿನ ಈ ತುದಿಯಿಂದ ಆ ತುದಿ. ನಡುವೆ ಕೋಟೆಯ ದಿಬ್ಬ. ಅದನ್ನು ಹತ್ತಿ ಇಳಿದರೆ ಆ ಮಂಡಿಯಲ್ಲಿ ಏನು ಉಳಿದೀತು? ಫೋನು ಮನೆಯಲ್ಲಿಟ್ಟು ಹೋಗಿ ಅಂತ ಹಿಂದಿನ ದಿನವೇ ಕೇಳಿಕೊಂಡಿದ್ದೆ. ಮೀಟರನ್ನು ಯಾವುದರಲ್ಲಿ ಬರೆಯಲಿ, ಅಂಗೈ ಮೇಲಾ, ಅಂದಿದ್ದರು. ಒತ್ತಬೇಡಿ ಅಂದದ್ದಕ್ಕೆ ಈ ಸಲವೂ ಆಗಲಿ ಅಂದಿದ್ದರು. ಅವರ ಆಗಲಿ ಏನೆಂದು ನನಗೆ ಗೊತ್ತಿತ್ತು.

ಕಳಿಸುವ ಮುಂಚೆ ಹನ್ನೊಂದರ ಕೆಳಗೂ ಮೂರನೆಯ ಗುಂಡಿ ಸೇರಿಸಿದೆ. ನೋಡೋಣ. ಮೂರಕ್ಷರ. ಒಂದು ವರ್ಷದಿಂದ ಯಾರೂ ಬರೆಯದ, ಯಾರೂ ಒತ್ತದ ಮಾತಾದ್ದರಿಂದ ಕಾಗುಣಿತ ಸರಿಯಿದೆಯೇ ಅಂತ ಎರಡು ಸಲ ನೋಡಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಅಂಗಡಿಯ ಪಟ್ಟಿಯಲ್ಲಿ ಸಾವಿರದ ಒಂಬೈನೂರ ಅರವತ್ತನಾಲ್ಕು ನೋಡೋಣಗಳಿದ್ದವು. ಮೂರು ಬರಲ್ಲ, ಅವರು ಹೊರಗಿನಿಂದ ಬಂದು ನೆಲೆಸಿದವರಿರಬೇಕು. ಉಳಿದವರು ಇನ್ನೂ ಏನೂ ಒತ್ತಿರಲಿಲ್ಲ. ಬರ್ತೀನಿ ಒಂದೂ ಇಲ್ಲ. ನಾನು ಗಂಡನ ಹೆಸರು ಹುಡುಕಿದೆ. ಯಾವಾಗಲೂ ಮೇಲೆ ಇರುತ್ತಿದ್ದದ್ದು ಈಗ ಬಹಳ ಕೆಳಗಿತ್ತು. ಸಂದೇಶ ಹೋಗಿ ಎರಡು ಗಂಟೆಯ ಮೇಲೆ ಒತ್ತಿದ್ದರು. ನೋಡೋಣ. ಎದೆ ಹಗುರಾಯಿತು. ಅದರ ಹಿಂದೆಯೇ ಎಲ್ಲೋ ಸಣ್ಣಗೆ ಚುಚ್ಚಿತು ಅನ್ನುವುದನ್ನೂ ಹೇಳಬೇಕು.

ಚನ್ನವೀರಪ್ಪನವರು ಕೆಳಗಿನಿಂದ ಕರೆದರು. ಹಬ್ಬಕ್ಕೆಂದು ತೆರೆದಿಟ್ಟ ಡಬ್ಬಿಗಳ ನಡುವೆ ಗಿರಾಕಿಗಳ ಬೆಂಚಿನ ಮೇಲೆ ಬರಿಗಾಲಲ್ಲಿ ಕೂತಿದ್ದರು. ಬೈಯುತ್ತಾರೆಂದುಕೊಂಡಿದ್ದೆ, ಬೈದರೂ ಅನ್ನಿ. ನಂಬಿದವರ ಅಂಗಡಿಗೆ ಬೀಗ ಹಾಕಿಸಿದೆಯಲ್ಲ, ಉಳಿದ ಹತ್ತು ಮಂದಿಗೆ ನಾನೇನು ಉತ್ತರ ಕೊಡಲಿ, ನಾಳೆಯಿಂದ ಅಟ್ಟ ಹತ್ತಬೇಡ ಅಂದರು. ಆದರೆ ದನಿ ಏರಲಿಲ್ಲ. ನಡುವೆ ಒಂದು ಸಲ ಬಗ್ಗಿ ತಮ್ಮ ಹಿಮ್ಮಡಿ ಒತ್ತಿಕೊಂಡರು.

"ಬಟ್ಟೆ ಅಂಗಡಿಯವರಿಗೆ ನಾನೂ ನೋಡೋಣ ಅಂತ ಒತ್ತಿದೆ ಕಣಮ್ಮ," ಅಂದರು. "ಈ ಕಿಟಕಿಯಿಂದ ಮಧ್ಯಾಹ್ನ ಬಿಸಿಲು ಹಿಂಗೆ ಬೀಳ್ತದೆ ಅನ್ನೋದೇ ಮರೆತುಹೋಗಿತ್ತು."

ನಾನು ಬುತ್ತಿ ಚೀಲ ತೆಗೆದುಕೊಂಡು ಬಾಗಿಲಿಗೆ ಬಂದು ಅಭ್ಯಾಸದಂತೆ ಬಾಯಿ ತೆರೆದೆ. ಚನ್ನವೀರಪ್ಪನವರು ಕೈ ಎತ್ತಿದರು.

"ಹಂಗನ್ನಬೇಡ ತಾಯಿ. ನಾಳೆ ಮತ್ತೆ ಇಲ್ಲಿಗೇ ಬಂದು ನಿಲ್ತೀಯ."

ಹೋಗ್ತೀನಿ ಅನ್ನಲು ನಾನೇನು ಸಾಯುತ್ತಿರಲಿಲ್ಲ.

"ನೋಡೋಣ," ಅಂದೆ.

"ಹಾಂ, ನೋಡೋಣ," ಅಂದರು ಅವರು.

ಅವತ್ತು ಬೀದಿಯಲ್ಲಿ ಜನ ಕಡಿಮೆ. ಇದ್ದವರೂ ನಿಧಾನಕ್ಕೆ, ಎತ್ತ ಹೋಗಬೇಕೆಂದು ತಿಳಿಯದವರ ಹಾಗೆ, ಅಲ್ಲಲ್ಲಿ ನಿಂತು ನಡೆಯುತ್ತಿದ್ದರು. ನಾಗಭೂಷಣ ಐದೂವರೆಗೆ ಬಂದರು. ಬೆಳಿಗ್ಗೆ ಬರ್ತೀನಿ ಅಂದು ಹೊರಟಿದ್ದರಲ್ಲ, ಕಾಲು ನೆಟ್ಟಗೆ ತಂದು ಬಿಟ್ಟಿತ್ತು. ಕೆಲಸ ಹೋಯಿತು ಅಂದೆ. ಮಂಡಿ ನೀವುತ್ತಿದ್ದ ಕೈ ನಿಂತಿತು. ಹಾಗಾದರೆ ಇನ್ನು ನನಗೆ ಯಾರು ಬರೀತಾರೆ ಅಂತ ಕೇಳಿದರು. ತಮಾಷೆಗೆ ಅಂದದ್ದಿರಬೇಕು, ಮುಖ ಮಾತ್ರ ನಗುತ್ತಿರಲಿಲ್ಲ.

ಹಬ್ಬ ಮುಗಿದು ಅವರು ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಚಪ್ಪಲಿಯ ಪಟ್ಟಿ ಬಿಗಿಯುತ್ತ ಹೊಸ್ತಿಲಲ್ಲಿ ಬಗ್ಗಿದ್ದರು. ಸಂಜೆ ಬೇಗ ಬರ್ತೀರಾ ಅಂತ ಕೇಳಿದೆ. ಇಷ್ಟು ದಿನ ಎಲ್ಲರ ಹೆಸರಿನಲ್ಲಿ ಕೇಳಿದ್ದನ್ನೇ ಈಗ ನನ್ನ ಹೆಸರಿನಲ್ಲಿ ಕೇಳಿದ್ದು. ಅವರು ನೆಟ್ಟಗೆ ನಿಂತು ನನ್ನನ್ನೇ ನೋಡಿದರು.

"ಆರು ವರ್ಷವೂ ಕಾಲೇ ಕರಕೊಂಡು ಬಂದಿದೆ," ಅಂದರು. "ಇವತ್ತು ನೋಡೋಣ."

ಹದಿನಾಲ್ಕು ಮೆಟ್ಟಿಲು ಇಳಿದು ಹೋದರು. ಬರ್ತೀನಿ ಅನ್ನದೆ.

ನಮ್ಮೂರಿನಲ್ಲಿ ಕಾಯುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಬರ್ತೀನಿ ಅಂದವರು ಬರುತ್ತಾರೆ, ತಡವಾದೀತು ಅಷ್ಟೆ. ಆ ದಿನ ನಾನು ನೆಲ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅನ್ನಕ್ಕೆ ಒಬ್ಬರ ಅಕ್ಕಿ ಹಾಕಲೋ ಇಬ್ಬರದೋ ಎಂದು ಪಾವು ಹಿಡಿದು ನಿಂತೆ. ಫೋನು ಕೈಗೆತ್ತಿಕೊಂಡು 'ಪ್ರಿಯ' ಅಂತ ಬರೆದು, ಕೆಳಗಿಟ್ಟೆ. ಐದೂವರೆಯಾಯಿತು. ಆರಾಯಿತು. ಕಿಟಕಿಯ ಬೆಳಕು ಗೋಡೆಯಿಂದ ನೆಲಕ್ಕಿಳಿದು ಮಂಕಾಯಿತು. ಬೀದಿಯಲ್ಲಿ ಹೆಜ್ಜೆಗಳು ಬಂದವು, ಹೋದವು, ಯಾವುವೂ ಅವರವಲ್ಲ.

ಆಮೇಲೆ ಕೇಳಿಸಿತು. ಒಂದು ಭಾರ, ಒಂದು ಹಗುರ, ಒಂದು ಭಾರ. ಓಣಿಯ ತಿರುವಿನಿಂದ ಬಂದು ನಮ್ಮ ಮೆಟ್ಟಿಲ ಬುಡದಲ್ಲಿ ನಿಂತಿತು. ಅಲ್ಲಿಂದ ಎತ್ತ ಬೇಕಾದರೂ ತಿರುಗಬಹುದಿತ್ತು, ಎಡಕ್ಕೆ ಪೇಟೆ, ಬಲಕ್ಕೆ ಕೋಟೆಯ ದಾರಿ. ಮೇಲೆ ಹತ್ತುವುದೆಂದರೆ ಆ ಮಂಡಿಗೆ ಹದಿನಾಲ್ಕು ನೋವು. ನಾನು ಎದ್ದು ಹೋಗಿ ಇಣುಕಲಿಲ್ಲ. ಕರೆಯಲೂ ಇಲ್ಲ. ಪಾವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದೆ.

ಮೊದಲನೆಯ ಮೆಟ್ಟಿಲ ಮೇಲೆ ಎಡಗಾಲು ಬಿತ್ತು. ನಾನು ಎಣಿಸತೊಡಗಿದೆ.